ಮಿಲ್ಟ್ರಿಯಿಂದ ಬಂದ ಮೇಲೆ ನೌಕರಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಾಜಿ ಸೈನಿಕರು ಮತ್ತು ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಪಾಯಿ, ನಾಯಕ, ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬರುವವರ ವಯಸ್ಸು ಬಹುಪಾಲು ಮೂವತ್ತೈದರಿಂದ ನಲವತ್ತೈದರೊಳಗೆ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತಾರೆ, ಮನೆ ಕಟ್ಟಿದ ಸಾಲ ತೀರಿರುವುದಿಲ್ಲ, ದುಡಿಯುವ ವಯಸ್ಸು ಇನ್ನೂ ಇಪ್ಪತ್ತು ವರ್ಷ ಉಳಿದಿರುತ್ತದೆ. ಇವರಿಗೆ ಒಳ್ಳೆಯ ನೌಕರಿ ತಪ್ಪುವುದು ಯೋಗ್ಯತೆ ಸಾಲದೆ ಅಲ್ಲ. ಸೈನ್ಯದಲ್ಲಿ ಮಾಡಿದ ಕೆಲಸ ಇಲ್ಲಿನ ಅರ್ಜಿಯಲ್ಲಿ ಕಾಣಿಸದೆ ಹೋಗುತ್ತದೆ, ಇಲ್ಲವೇ ಬೇಕಾದ ಒಂದು ಕಾಗದ ತಡವಾಗಿ ಕೈಸೇರುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಎರಡನ್ನು ಸರಿಪಡಿಸುವ ಬಗ್ಗೆ.

ರಿಟೈರ್ ಆಗಾಕ ಇನ್ನೂ ಒಂದ್ ವರ್ಷ ಐತ್ರಿ. ಈಗಿಂದನ ಏನ್ ಮಾಡ್ಬೇಕು?

ಎಲ್ಲಕ್ಕಿಂತ ಹೆಚ್ಚು ಕೆಲಸ ಆಗುವುದು ಈ ಒಂದು ವರ್ಷದಲ್ಲೇ. ಊರಿಗೆ ಬಂದ ಮೇಲೆ ನೋಡೋಣ ಎಂದವರು ಒಂದೆರಡು ವರ್ಷ ಕಳೆದುಕೊಳ್ಳುತ್ತಾರೆ.

ಮೊದಲನೆಯದು ತರಬೇತಿ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಡಿಜಿಆರ್ ಎನ್ನುವ ಕಚೇರಿ, ಸೇವೆಯ ಕೊನೆಯ ಹಂತದಲ್ಲಿ ಇರುವವರಿಗೆ ಕೋರ್ಸ್ ನಡೆಸುತ್ತದೆ. ಜೆಸಿಒ (ನಾಯಬ್ ಸುಬೇದಾರ್, ಸುಬೇದಾರ್ ಶ್ರೇಣಿ) ಮತ್ತು ಇತರ ಶ್ರೇಣಿಯವರಿಗೆ ಶುಲ್ಕವಿಲ್ಲ; ಅಧಿಕಾರಿಗಳು ಶೇ. 40ರಷ್ಟು ಕೊಡಬೇಕು, ಉಳಿದ ಶೇ. 60 ಡಿಜಿಆರ್ ಭರಿಸುತ್ತದೆ. ಅರ್ಜಿ ಯೂನಿಟ್ ಮೂಲಕವೇ ಹೋಗಬೇಕು. ಕರ್ನಾಟಕ ಪುಣೆಯ ಖಡಕಿಯಲ್ಲಿರುವ ದಕ್ಷಿಣ ವಲಯ ಕಚೇರಿಗೆ ಸೇರುತ್ತದೆ. ಕೋರ್ಸ್ ಆರಿಸುವಾಗ ಗೆಳೆಯ ಯಾವುದು ತೆಗೆದುಕೊಂಡ ಎಂದು ನೋಡಬೇಡಿ. ನೀವು ನೆಲೆಸುವ ತಾಲ್ಲೂಕಿನ ಸುತ್ತ ಐವತ್ತು ಕಿಲೋಮೀಟರ್‌ನಲ್ಲಿ ಆ ಕೆಲಸಕ್ಕೆ ಪಗಾರ ಕೊಡುವವರು ಯಾರಿದ್ದಾರೆ ಎಂದು ನೋಡಿ. ಹುನಗುಂದದಲ್ಲಿ ನೆಲೆಸುವವರು ಹೋಟೆಲ್ ನಿರ್ವಹಣೆ ಕಲಿತು ಬಂದರೆ ಕೆಲಸಕ್ಕಾಗಿ ಮತ್ತೆ ಊರು ಬಿಡಬೇಕಾಗುತ್ತದೆ.

ಎರಡನೆಯದು ಅರ್ಜಿ. ಸೇವೆ ಮುಗಿಯಲು ಒಂದು ವರ್ಷ ಬಾಕಿ ಇರುವಾಗಲೇ ಕೇಂದ್ರದ ಹುದ್ದೆಗಳಿಗೆ ಮಾಜಿ ಸೈನಿಕರ ಮೀಸಲಿನಲ್ಲಿ ಅರ್ಜಿ ಹಾಕಬಹುದು. ಇಂಥ ದಿನ ಬಿಡುಗಡೆಯಾಗುತ್ತಾರೆ ಎಂಬ ಪ್ರಮಾಣಪತ್ರವನ್ನೂ ನಿರಾಕ್ಷೇಪಣಾ ಪತ್ರವನ್ನೂ ಕಮಾಂಡಿಂಗ್ ಆಫೀಸರ್ ಸಹಿಯೊಂದಿಗೆ ಪಡೆಯಿರಿ. ಪತ್ರದ ನಮೂನೆ ಆಯಾ ಅಧಿಸೂಚನೆಯ ಕೊನೆಯ ಪುಟಗಳಲ್ಲಿರುತ್ತದೆ. ಅದೇ ನಮೂನೆಯಲ್ಲಿ ಬೇಕು, ಯೂನಿಟ್ ಗುಮಾಸ್ತರ ಹಳೆಯ ನಮೂನೆಯಲ್ಲಿ ಬರೆದು ತಂದರೆ ದಾಖಲೆ ಪರಿಶೀಲನೆಯಲ್ಲಿ ತಿರಸ್ಕಾರವಾಗುತ್ತದೆ.

ಮೂರನೆಯದು ಹೆಸರು, ಜನ್ಮದಿನಾಂಕ. ಅದಕ್ಕೆ ಮುಂದಿನ ಪ್ರಶ್ನೆಯನ್ನೇ ಮೀಸಲಿಟ್ಟಿದ್ದೇವೆ.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನ್ಯಾಗ ಒಂದ್ ಹೆಸರು, ಡಿಸ್ಚಾರ್ಜ್ ಬುಕ್‌ನ್ಯಾಗ ಒಂದ್ ಹೆಸರು ಐತಿ. ತೊಂದ್ರಿ ಆಗತೈತೇನ್ರಿ?

ಆಗುತ್ತದೆ, ಮತ್ತು ನಮ್ಮ ಕಡೆ ಇದು ಬಹಳ ಸಾಮಾನ್ಯ. ಶಾಲೆಯಲ್ಲಿ ಅಡ್ಡಹೆಸರು ಮೊದಲು, ಸೈನ್ಯದಲ್ಲಿ ಕೊನೆಗೆ. ಒಂದು ಕಡೆ ತಂದೆಯ ಹೆಸರು ಪೂರ್ತಿ, ಇನ್ನೊಂದು ಕಡೆ ಒಂದೇ ಅಕ್ಷರ. ‘ಪಾಟೀಲ’ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಲ್ಲಿ ಬರೆದದ್ದು. ಹೆಂಡತಿಯ ಹೆಸರು ಮದುವೆಗೆ ಮೊದಲಿನದು ಆಧಾರ್‌ನಲ್ಲಿ, ಮದುವೆಯ ನಂತರದ್ದು ಸೈನ್ಯದ ದಾಖಲೆಯಲ್ಲಿ ಇರುವುದೂ ಉಂಟು. ಅದರ ಬಿಸಿ ತಟ್ಟುವುದು ಕುಟುಂಬ ಪಿಂಚಣಿಯ ಹೊತ್ತಿಗೆ.

ಸೇವೆಯಲ್ಲಿರುವಾಗ ಇದನ್ನು ತಿದ್ದಿಸುವುದು ಸುಲಭ: ಯೂನಿಟ್‌ನಿಂದ ಪಾರ್ಟ್-2 ಆರ್ಡರ್ (ಸೈನಿಕನ ವೈಯಕ್ತಿಕ ವಿವರ ದಾಖಲಿಸುವ ಆದೇಶ) ಹೊರಡಿಸಿ ರೆಕಾರ್ಡ್ ಆಫೀಸಿನಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ನಿವೃತ್ತಿಯ ನಂತರವಾದರೆ ಅಫಿಡವಿಟ್, ಪತ್ರಿಕಾ ಪ್ರಕಟಣೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಶಿಫಾರಸು ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ. ಐದು ಕಾಗದಗಳನ್ನು ಒಟ್ಟಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ. ಸರಕಾರಿ ನೌಕರಿಗೆ ಆಧಾರವಾಗಿ ನೋಡುವುದು ಎಸ್‌ಎಸ್‌ಎಲ್‌ಸಿಯನ್ನು, ಆದ್ದರಿಂದ ಉಳಿದವನ್ನು ಅದಕ್ಕೆ ಹೊಂದಿಸಿ.

ಊರಿಗೆ ಬಂದ್ ಮ್ಯಾಲ ಮೊದಲ ಯಾವ ಆಫೀಸಿಗೆ ಹೋಗ್ಬೇಕು?

ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಫೋಟೊ, ಬ್ಯಾಂಕ್ ಪಾಸ್‌ಬುಕ್, ಕುಟುಂಬದವರ ಆಧಾರ್ ಮೂಲಪ್ರತಿಗಳೊಂದಿಗೆ ಎರಡೆರಡು ನಕಲು ಒಯ್ಯಿರಿ. ಅಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ: ಮಾಜಿ ಸೈನಿಕರ ಗುರುತಿನ ಚೀಟಿ, ಮತ್ತು ಉದ್ಯೋಗಕ್ಕಾಗಿ ಹೆಸರು ನೋಂದಣಿ. ಚೀಟಿ ಮಾಡಿಸಿಕೊಂಡು ನೋಂದಣಿ ಬಿಟ್ಟು ಬರುವವರು ಬಹಳ. ಮಾಜಿ ಸೈನಿಕರೇ ಬೇಕೆಂದು ಸಂಸ್ಥೆಗಳು ಕೇಳಿದಾಗ ಕಚೇರಿ ಹೆಸರು ಕಳಿಸುವುದು ನೋಂದಣಿ ಪಟ್ಟಿಯಿಂದಲೇ. ಫೋನ್ ನಂಬರ್ ಬದಲಾದರೆ ಅಲ್ಲಿ ತಿಳಿಸುವುದನ್ನು ಮರೆಯಬೇಡಿ.

ಬಿಎಸ್‌ಎಫ್‌ನ್ಯಾಗ ಇದ್ದಾಂವಾ ಮಾಜಿ ಸೈನಿಕ ಅಲ್ಲೇನ್ರಿ?

ಈ ಮೀಸಲಾತಿಯ ಲೆಕ್ಕದಲ್ಲಿ ಅಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಪಿಂಚಣಿಯೊಂದಿಗೆ ಬಂದವರು, ಅಥವಾ ಸೇವೆಯ ಕಾರಣದಿಂದ ಆದ ಗಾಯ, ಕಾಯಿಲೆಯಿಂದ ವೈದ್ಯಕೀಯವಾಗಿ ಬಿಡುಗಡೆಯಾದವರು ಕೇಂದ್ರದ ನಿಯಮದಲ್ಲಿ ಮಾಜಿ ಸೈನಿಕರು. ಪಿಂಚಣಿಗೆ ಬೇಕಾದ 15 ವರ್ಷ ತುಂಬುವ ಮೊದಲೇ ಸ್ವಂತ ಕೋರಿಕೆಯಿಂದ ಬಿಟ್ಟು ಬಂದವರು ಇದರಲ್ಲಿ ಬರುವುದಿಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಗೃಹ ಸಚಿವಾಲಯದ ಪಡೆಗಳು. ಅವರ ಕಲ್ಯಾಣ, ಪುನರ್ವಸತಿಗೆ ವಾರ್ಬ್ ಎಂಬ ಪ್ರತ್ಯೇಕ ಮಂಡಳಿ ಇದೆ.

ಮೀಸಲಾತಿ ಎಷ್ಟ್ ಐತಿ? ಎಲ್ಲೆಲ್ಲಿ?

ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಗ್ರೂಪ್ ಡಿ ಎನ್ನುತ್ತಿದ್ದ ಹುದ್ದೆಗಳಲ್ಲಿ ಶೇ. 20. ರಾಷ್ಟ್ರೀಕೃತ ಬ್ಯಾಂಕ್ ಮತ್ತು ಕೇಂದ್ರ ಸಾರ್ವಜನಿಕ ಉದ್ಯಮ ಎರಡರಲ್ಲೂ ಗ್ರೂಪ್ ಸಿಗೆ ಶೇ. 14.5, ಗ್ರೂಪ್ ಡಿಗೆ ಶೇ. 24.5, ಇದರಲ್ಲಿ ಶೇ. 4.5 ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ಮಡಿದವರ ಅವಲಂಬಿತರಿಗೆ. ಕರ್ನಾಟಕದ ನೇಮಕಾತಿಗಳಲ್ಲಿ ಶೇ. 10 ಸಮತಲ ಮೀಸಲಾತಿ. ಸಮತಲ ಎಂದರೆ ನಿಮ್ಮ ಜಾತಿ ಪ್ರವರ್ಗದ ಒಳಗೇ ಮಾಜಿ ಸೈನಿಕರ ಸ್ಥಾನ ಸಿಗುತ್ತದೆ. ಹಾಗಾಗಿ ಜಾತಿ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿಕೊಳ್ಳಿ.

ಬ್ಯಾಂಕ್ ಗುಮಾಸ್ತರ ಹುದ್ದೆಯನ್ನು ನಾವು ಎಲ್ಲರಿಗೂ ಮೊದಲು ಹೇಳುತ್ತೇವೆ. ಮೀಸಲು ಹೆಚ್ಚು, ಶಾಖೆಗಳು ತಾಲ್ಲೂಕು ತಾಲ್ಲೂಕಿಗೂ ಇವೆ, ಸ್ಥಳೀಯ ಭಾಷೆ ಗೊತ್ತಿರಬೇಕೆಂಬ ಷರತ್ತು ಕನ್ನಡದವರಿಗೆ ಅನುಕೂಲ. ಕಷ್ಟವಿರುವುದು ಪರೀಕ್ಷೆಯ ವೇಗದಲ್ಲಿ. ಪೂರ್ವಭಾವಿ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ಇಪ್ಪತ್ತು ವರ್ಷ ಲೆಕ್ಕ ಮುಟ್ಟದವರಿಗೆ ಮೊದಲ ಎರಡು ತಿಂಗಳು ಬೇಸರ ತರಿಸುತ್ತದೆ. ಮಗ್ಗಿ, ಶೇಕಡಾ, ಸರಾಸರಿ, ಸರಳೀಕರಣ ಇಷ್ಟನ್ನೇ ದಿನಕ್ಕೆ ಎರಡು ಗಂಟೆ, ಗಡಿಯಾರ ಇಟ್ಟುಕೊಂಡು ಮಾಡಿ. ತರ್ಕದ ಪ್ರಶ್ನೆಗಳನ್ನು ಆಮೇಲೆ ಹಿಡಿಯಿರಿ.

ನನಗ ಈಗ 41. ವಯಸ್ಸು ಮೀರಿಲ್ಲೇನು?

ಇಲ್ಲದಿರಬಹುದು, ಲೆಕ್ಕ ಹಾಕಿ. ಕೇಂದ್ರದ ಗ್ರೂಪ್ ಸಿ ಹುದ್ದೆಗೆ ನಿಮ್ಮ ಈಗಿನ ವಯಸ್ಸಿನಿಂದ ಸೈನ್ಯದ ಸೇವೆಯ ವರ್ಷಗಳನ್ನು ಕಳೆಯಬೇಕು. ಉಳಿದದ್ದು ಹುದ್ದೆಯ ಗರಿಷ್ಠ ವಯಸ್ಸಿಗಿಂತ 3 ವರ್ಷಕ್ಕಿಂತ ಹೆಚ್ಚು ಮೀರಬಾರದು. ಉದಾಹರಣೆಗೆ ವಯಸ್ಸು 41, ಸೇವೆ 19 ವರ್ಷ ಎಂದುಕೊಳ್ಳಿ: 41ರಲ್ಲಿ 19 ಕಳೆದರೆ 22. ಗರಿಷ್ಠ 27 ಇರುವ ಹುದ್ದೆಗೆ 30ರವರೆಗೂ ನಡೆಯುತ್ತದೆ, ಅಂದರೆ ನಿಮಗೆ ಇನ್ನೂ ಎಂಟು ವರ್ಷವಿದೆ. ರಾಜ್ಯದ ಹುದ್ದೆಗಳಿಗೆ ಗರಿಷ್ಠ ವಯಸ್ಸಿಗೆ ಸೇವೆಯ ವರ್ಷಗಳನ್ನೂ ಅದರ ಮೇಲೆ 3ನ್ನೂ ಕೂಡಿಸುತ್ತಾರೆ, ಫಲ ಒಂದೇ. ವಯಸ್ಸು ನೋಡುವುದು ಅಧಿಸೂಚನೆಯಲ್ಲಿ ಹೇಳಿದ ದಿನಾಂಕಕ್ಕೆ, ನೀವು ಅರ್ಜಿ ಹಾಕಿದ ದಿನಕ್ಕಲ್ಲ.

ಹತ್ತನೇತ್ತ ಅಷ್ಟ ಓದೀನಿ. 15 ವರ್ಷ ಸರ್ವಿಸ್ ಆದ್ರ ಡಿಗ್ರಿ ಅಂತ ಹಿಡೀತಾರ ಅಂತಾರ, ಖರೇನು?

ಒಂದು ಮಿತಿಯೊಳಗೆ ಖರೆ. 15 ವರ್ಷಕ್ಕೆ ಕಡಿಮೆಯಿಲ್ಲದ ಸೇವೆ ಇರುವ, ಮೆಟ್ರಿಕ್ ಪಾಸಾದ ಅಥವಾ ಸೇನಾ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದ ಮಾಜಿ ಸೈನಿಕರನ್ನು ಪದವಿ ಕೇಳುವ ಗ್ರೂಪ್ ಸಿ ಮೀಸಲು ಹುದ್ದೆಗೆ ಪರಿಗಣಿಸಬಹುದು ಎಂದು ಕೇಂದ್ರದ 1979ರ ನಿಯಮ ಹೇಳುತ್ತದೆ. ತಾಂತ್ರಿಕ ಅಥವಾ ವೃತ್ತಿಪರ ಅನುಭವ ಬೇಕಾದ ಹುದ್ದೆಗೆ ಇದು ಅನ್ವಯಿಸದು. ಮೀಸಲು ಬಿಟ್ಟು ಸಾಮಾನ್ಯ ಸ್ಥಾನಕ್ಕೆ ಸ್ಪರ್ಧಿಸಿದರೂ ಅನ್ವಯಿಸದು. ರಾಜ್ಯದ ಹುದ್ದೆಗಳಿಗೆ ಅಧಿಸೂಚನೆಯಲ್ಲಿ ಬರೆದಿದ್ದರೆ ಮಾತ್ರ.

ಬ್ಯಾಂಕ್ ಪರೀಕ್ಷೆಗಳಲ್ಲಿ ಜನ ಸೋಲುವುದು ಒಂದು ಸಣ್ಣ ಸಾಲಿನಲ್ಲಿ: ಆ ವಿಶೇಷ ಶಿಕ್ಷಣ ಪ್ರಮಾಣಪತ್ರದ ದಿನಾಂಕ ಅಧಿಸೂಚನೆಯ ಕಟ್-ಆಫ್ ದಿನಾಂಕದ್ದು ಅಥವಾ ಅದಕ್ಕಿಂತ ಮೊದಲಿನದಾಗಿರಬೇಕು. ಪರೀಕ್ಷೆ ಪಾಸಾಗಿ ಆಮೇಲೆ ಪ್ರಮಾಣಪತ್ರ ತರಿಸಿದರೆ ನೌಕರಿ ಹೋಯಿತು. ನಿವೃತ್ತಿಗೆ ಮೊದಲೇ ತೆಗೆಸಿಡಿ. ಸಾಧ್ಯವಿರುವವರು ಸೇವೆಯಲ್ಲಿದ್ದಾಗಲೇ ದೂರ ಶಿಕ್ಷಣದಲ್ಲಿ ಒಂದು ನಿಜವಾದ ಪದವಿ ಮುಗಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಅದಕ್ಕೆ ಈ ಯಾವ ಮಿತಿಯೂ ಇಲ್ಲ.

ಒಂದ್ ಸಲ ಸರಕಾರಿ ನೌಕರಿ ಸಿಕ್ಕ್ ಮ್ಯಾಲ ಮತ್ತೊಂದಕ್ಕ ಕೋಟಾ ಸಿಗೂದಿಲ್ಲ ಅಂತಾರ?

ಸಾಮಾನ್ಯವಾಗಿ ಹೌದು. ಮೀಸಲಿನಲ್ಲಿ ಕಾಯಂ ನೌಕರಿಗೆ ಸೇರಿದ ಕೂಡಲೇ ಮರುನೇಮಕಾತಿಯ ಮಟ್ಟಿಗೆ ಮಾಜಿ ಸೈನಿಕ ಎಂಬ ಸ್ಥಾನ ಮುಗಿಯುತ್ತದೆ. ಆದರೆ ಕೇಂದ್ರದ ಹುದ್ದೆಗಳಿಗೆ 2014ರಿಂದ ಒಂದು ದಾರಿ ಇದೆ. ಮೊದಲ ನೌಕರಿಗೆ ಸೇರುವಾಗಲೇ, ಅದಕ್ಕೂ ಮೊದಲು ಬೇರೆ ಯಾವ ಯಾವ ಹುದ್ದೆಗೆ ಯಾವ ದಿನಾಂಕದಂದು ಅರ್ಜಿ ಹಾಕಿದ್ದೀರಿ ಎಂದು ಪಟ್ಟಿ ಬರೆದು ಸ್ವಯಂ ಘೋಷಣೆಯಾಗಿ ಕೊಡಬೇಕು. ಪಟ್ಟಿಯಲ್ಲಿರುವ ಹುದ್ದೆಗಳಿಗೆ ಮೀಸಲು ಉಳಿಯುತ್ತದೆ. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿ ನಕಲು ಇಟ್ಟುಕೊಳ್ಳಿ. ಜಮಾದಾರ ಹುದ್ದೆಗೆ ಸೇರಿ, ಆಮೇಲೆ ಗುಮಾಸ್ತರ ಪರೀಕ್ಷೆಯ ಫಲಿತಾಂಶ ಬಂದಾಗ ಈ ಒಂದು ಹಾಳೆ ಇಲ್ಲದೆ ಕೈ ಹಿಸುಕಿಕೊಳ್ಳುವ ಸ್ಥಿತಿ ಯಾರಿಗೂ ಬೇಡ.

ರಾಜ್ಯ ಸರಕಾರದ ಪರೀಕ್ಷೆಗೆ ಕನ್ನಡ ಕಡ್ಡಾಯೇನು?

ಕಡ್ಡಾಯ ಕನ್ನಡ ಭಾಷಾ ಪರೀಕ್ಷೆ 150 ಅಂಕಗಳದ್ದು, ಕನಿಷ್ಠ 50 ಬರಬೇಕು. ಗಡಿಭಾಗದಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿ ಮರಾಠಾ ರೆಜಿಮೆಂಟ್‌ನಲ್ಲಿ ಸೇವೆ ಮಾಡಿದವರಿಗೆ ಮಾತು ಬಂದರೂ ಬರೆಯುವ ಕೈ ಇರುವುದಿಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿಯ ಕನ್ನಡ ಪಠ್ಯ ತಂದು ದಿನಕ್ಕೆ ಒಂದು ಪುಟ ನೋಡಿ ಬರೆಯಿರಿ. ಮೂರು ತಿಂಗಳಲ್ಲಿ ಕೈ ಬರುತ್ತದೆ.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರು ಗ್ರಾಮೀಣ ಮೀಸಲಾತಿಯನ್ನೂ, ಕನ್ನಡ ಮಾಧ್ಯಮದಲ್ಲಿ ಓದಿದವರು ಆ ಮೀಸಲಾತಿಯನ್ನೂ ಕೇಳಬಹುದು. ಗ್ರಾಮೀಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ವಿಜಯಪುರದವರು ಕಲ್ಯಾಣ ಕರ್ನಾಟಕದವರಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಕೇಳುತ್ತಾರೆ: ಈ ಮೂರೂ ಜಿಲ್ಲೆಗಳು ಅದರಲ್ಲಿ ಇಲ್ಲ.

ನೌಕರಿ ಸೇರಿದ್ರ ಪಿಂಚಣಿ ನಿಲ್ಲತೈತೇನು?

ನಿಲ್ಲುವುದಿಲ್ಲ. ಖಾಸಗಿ ನೌಕರಿಗಂತೂ ಸಂಬಂಧವೇ ಇಲ್ಲ. ಸರಕಾರಿ ನೌಕರಿಯಲ್ಲೂ, ಅಧಿಕಾರಿಗಿಂತ ಕೆಳಗಿನ ಶ್ರೇಣಿಯಲ್ಲಿ 55 ವರ್ಷಕ್ಕೆ ಮೊದಲು ನಿವೃತ್ತರಾದವರ ಪೂರ್ತಿ ಪಿಂಚಣಿಯನ್ನು ವೇತನ ನಿಗದಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ವೇತನವನ್ನು ಹುದ್ದೆಯ ಆರಂಭಿಕ ಮಟ್ಟಕ್ಕೆ ನಿಗದಿ ಮಾಡಿದ್ದರೆ ಪಿಂಚಣಿ ಮೇಲಿನ ತುಟ್ಟಿಭತ್ಯೆಯೂ ಮುಂದುವರಿಯುತ್ತದೆ. ಹಾಗೆ ನಿಗದಿಯಾಗಿದೆ ಎಂದು ಹೊಸ ಕಚೇರಿಯಿಂದ ಪ್ರಮಾಣಪತ್ರ ಪಡೆದು ಪಿಂಚಣಿ ಕೊಡುವವರಿಗೆ ಸಲ್ಲಿಸಿ. ಸುದ್ದಿ ಮುಚ್ಚಿಟ್ಟರೆ ಮುಂದೆ ವಸೂಲಿ ಆದೇಶ ಬರಬಹುದು.

ಸರಕಾರಿ ನೌಕರಿ ಬಿಟ್ರ ಸೆಕ್ಯುರಿಟಿ ಗಾರ್ಡ್ ಒಂದ ಏನ್ರಿ ನಮಗ?

ಅಲ್ಲವೇ ಅಲ್ಲ. ನೀವು ಮಾಡಿದ ಕೆಲಸ ಯಾವುದು ಎಂಬುದನ್ನು ನಿಮ್ಮ ಟ್ರೇಡ್ ಹೇಳುತ್ತದೆ, ಸಮವಸ್ತ್ರ ಹೇಳುವುದಿಲ್ಲ. ಈ ಮೂರು ಜಿಲ್ಲೆಗಳಲ್ಲಿ ಯಾವ ಟ್ರೇಡ್ ಎಲ್ಲಿ ಹೊಂದುತ್ತದೆ ನೋಡಿ.

ಸೈನ್ಯದ ದುರಸ್ತಿ ವಿಭಾಗವಾದ ಇಎಂಇಯಲ್ಲಿ ವಾಹನ, ಉಪಕರಣ ದುರಸ್ತಿ ಮಾಡಿದವರಿಗೆ, ವಾಯುಪಡೆಯ ತಂತ್ರಜ್ಞರಿಗೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿ, ಮಷೀನ್ ಶಾಪ್, ಹೈಡ್ರಾಲಿಕ್ಸ್ ಘಟಕಗಳು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯ. ಅಲ್ಲಿ ಬೇಕಾದದ್ದು ನಿರ್ವಹಣೆ, ಗುಣಮಟ್ಟ ತಪಾಸಣೆ, ಟೂಲ್ ಕ್ರಿಬ್ (ಉಪಕರಣ ಕೊಟ್ಟು ಪಡೆಯುವ ಕೋಣೆ). ವರ್ನಿಯರ್, ಮೈಕ್ರೊಮೀಟರ್ ಓದಲು ಬರುತ್ತದೆಯೇ, ಡ್ರಾಯಿಂಗ್ ಅರ್ಥವಾಗುತ್ತದೆಯೇ ಎಂದು ಮೊದಲ ಹತ್ತು ನಿಮಿಷದಲ್ಲೇ ಕೇಳುತ್ತಾರೆ. ಮರೆತಿದ್ದರೆ ಐಟಿಐ ಮಾಸ್ತರರೊಬ್ಬರ ಬಳಿ ಒಂದು ವಾರ ಕೂತು ನೆನಪು ಮಾಡಿಕೊಂಡು ಹೋಗಿ.

ಸಕ್ಕರೆ ಕಾರ್ಖಾನೆಗಳು ಬೆಳಗಾವಿ, ಬಾಗಲಕೋಟೆ ಎರಡರಲ್ಲೂ ತುಂಬ ಇವೆ. ಸ್ಟೋರ್ ಕೀಪರ್ ಟೆಕ್ನಿಕಲ್ ಆಗಿದ್ದವರಿಗೆ ಸ್ಟೋರ್ಸ್, ಸಾಗಣೆ ವಿಭಾಗದವರಿಗೆ ಕೇನ್ ಯಾರ್ಡ್ ಮತ್ತು ತೂಕದ ಕಾಟಾ, ಗುಮಾಸ್ತರಿಗೆ ಟೈಮ್ ಆಫೀಸ್. ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಶುರು, ಆದ್ದರಿಂದ ಕೆಲಸ ಕೇಳಲು ಹೋಗಬೇಕಾದದ್ದು ಜುಲೈ-ಆಗಸ್ಟ್‌ನಲ್ಲಿ, ಯಂತ್ರಗಳ ರಿಪೇರಿ ನಡೆಯುವಾಗ. ಕಬ್ಬು ನುರಿಸಲು ಶುರುವಾದ ಮೇಲೆ ಹೋದರೆ ಗುತ್ತಿಗೆದಾರನ ಕೈಕೆಳಗಿನ ಕೆಲಸವೇ ಉಳಿದಿರುತ್ತದೆ. ಹುದ್ದೆ ಕಾಯಂ ಆಗಿರುವುದೋ ಹಂಗಾಮಿನದೋ, ಹಂಗಾಮಿನದಾದರೆ ಬಿಡುವಿನ ತಿಂಗಳಲ್ಲಿ ರಿಟೆನ್ಷನ್ ಭತ್ಯೆ ಇದೆಯೋ ಎಂದು ಮೊದಲೇ ಕೇಳಿ. ಬಾಯ್ಲರ್ ಮೇಲೆ ಕೆಲಸ ಮಾಡಲು ಬಾಯ್ಲರ್ ಅಟೆಂಡೆಂಟ್ ಪ್ರಮಾಣಪತ್ರ ಬೇಕೇ ಬೇಕು. ಅದಿರುವವರಿಗೆ ಬೇಡಿಕೆ ಚೆನ್ನಾಗಿದೆ.

ಎಂಜಿನಿಯರ್ಸ್ ರೆಜಿಮೆಂಟ್‌ನಲ್ಲಿ ಡೋಜರ್, ಜೆಸಿಬಿ ಓಡಿಸಿದವರಿಗೆ ಮುಧೋಳ, ಲೋಕಾಪುರ ಸುತ್ತಲಿನ ಸಿಮೆಂಟ್ ಮತ್ತು ಸುಣ್ಣದಕಲ್ಲು ಗಣಿಗಳು, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಕಲ್ಲಿದ್ದಲು ವಿಭಾಗದ ಗುತ್ತಿಗೆಗಳು. ಸೈನ್ಯದಲ್ಲಿ ಸ್ಫೋಟಕ ಬಳಸಿದ ಅನುಭವ ಗಣಿಯಲ್ಲಿ ಹಾಗೇ ನಡೆಯುವುದಿಲ್ಲ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಬ್ಲಾಸ್ಟರ್ ಪ್ರಮಾಣಪತ್ರ ಬೇಕು. ಎಲೆಕ್ಟ್ರಿಷಿಯನ್ ಆಗಿದ್ದವರು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ ಪಡೆಯಲಿ. ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ನೇರವಾಗಿ ಸ್ಟಾಫ್ ನರ್ಸ್ ಆಗಲಾರರು, ಅದಕ್ಕೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಬೇಕು. ಆದರೆ ಆಸ್ಪತ್ರೆಗಳ ತುರ್ತು ಘಟಕ, ಆಂಬ್ಯುಲೆನ್ಸ್, ಶಸ್ತ್ರಚಿಕಿತ್ಸಾ ಕೊಠಡಿಯ ಸಹಾಯಕ ಕೆಲಸಗಳಲ್ಲಿ ಅವರ ಕೈಗೆ ಬೆಲೆ ಇದೆ.

ಇನ್ನು ಬಯೋಡೇಟಾ. ‘ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್, ಪ್ಲಟೂನ್ ಹವಾಲ್ದಾರ್ ಡ್ಯೂಟಿ’ ಎಂದು ಬರೆದರೆ ಕಾರ್ಖಾನೆಯ ಮ್ಯಾನೇಜರ್‌ಗೆ ಏನೂ ತಿಳಿಯುವುದಿಲ್ಲ. ‘ಮೂವತ್ತಕ್ಕೂ ಹೆಚ್ಚು ಜನರ ಹಾಜರಿ, ಪಾಳಿ, ರಜೆ, ಶಿಸ್ತು ನೋಡಿಕೊಂಡಿದ್ದೇನೆ, ಶಸ್ತ್ರಾಗಾರದ ದಾಸ್ತಾನು ಲೆಕ್ಕ ಒಂದೂ ತಪ್ಪದಂತೆ ಇಟ್ಟಿದ್ದೇನೆ, ಪ್ರಥಮ ಚಿಕಿತ್ಸೆ, ಅಗ್ನಿಶಮನ ತರಬೇತಿ ಕೊಟ್ಟಿದ್ದೇನೆ’ ಎಂದರೆ ಶಿಫ್ಟ್ ಸೂಪರ್‌ವೈಸರ್ ಹುದ್ದೆ ಕಣ್ಣಿಗೆ ಕಾಣುತ್ತದೆ. ಎರಡು ಪುಟ ಮೀರಬೇಡಿ. ಯೂನಿಟ್ ಇದ್ದ ಗಡಿ ಠಾಣೆ, ಕಾರ್ಯಾಚರಣೆಯ ವಿವರ ಬರೆಯಬೇಡಿ. ಸಂದರ್ಶನದಲ್ಲಿ ‘ಕೊಟ್ಟ ಕೆಲಸ ಮಾಡ್ತೀನಿ ಸರ್’ ಎನ್ನುವುದು ನಮ್ಮವರ ರೂಢಿ. ಆ ಮಾತಿನಿಂದ ಪಗಾರ ಕಡಿಮೆಯಾಗುತ್ತದೆ. ಯಾವ ಹುದ್ದೆ, ಎಷ್ಟು ಪಗಾರ ಎಂದು ಮನೆಯಲ್ಲೇ ನಿರ್ಧರಿಸಿಕೊಂಡು ಹೋಗಿ. ಪಿಂಚಣಿ ಬರುತ್ತದಲ್ಲ ಎಂದು ಯಾರಾದರೂ ಕಡಿಮೆ ಹೇಳಿದರೆ ಒಪ್ಪಬೇಡಿ. ಅದು ದುಡಿದು ಮುಗಿಸಿದ ವರ್ಷಗಳ ಹಣ.

ಸೈನ್ಯದಾಗ ಹದಿನೈದ್ ವರ್ಷ ಗಾಡಿ ಹೊಡದೀನಿ. ಆ ಲೈಸೆನ್ಸ್ ಇಲ್ಲಿ ನಡೀತೈತೇನು?

ಬಾಡಿಗೆ ವಾಹನ, ಬಸ್ಸು, ಶಾಲಾ ವಾಹನಕ್ಕೆ ಆರ್‌ಟಿಒ ಕೊಟ್ಟ ಲೈಸೆನ್ಸೇ ಬೇಕು. ಬೆಳಗಾವಿ, ಚಿಕ್ಕೋಡಿ, ಬೈಲಹೊಂಗಲ, ಗೋಕಾಕ, ಬಾಗಲಕೋಟೆ, ಜಮಖಂಡಿ, ವಿಜಯಪುರ ಎಲ್ಲ ಕಡೆ ಆರ್‌ಟಿಒ ಕಚೇರಿಗಳಿವೆ. ಲಘು ವಾಹನದ ಲೈಸೆನ್ಸ್ ಒಂದು ವರ್ಷ ಹಳೆಯದಾಗದೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಸಿಗದು. ಅದಕ್ಕೇ ಸೇವೆಯಲ್ಲಿದ್ದಾಗಲೇ, ರಜೆಗೆ ಬಂದಾಗ ಲಘು ವಾಹನದ್ದು ಮಾಡಿಸಿಟ್ಟುಕೊಳ್ಳಿ. ಸಾರಿಗೆ ಸಂಸ್ಥೆಯ ಚಾಲಕ ಹುದ್ದೆಗೆ ಭಾರಿ ವಾಹನದ ಲೈಸೆನ್ಸ್ ಜೊತೆಗೆ ಸಾರ್ವಜನಿಕ ವಾಹನ ಚಾಲಕರ ಬ್ಯಾಡ್ಜ್ ಕೂಡ ಕೇಳುತ್ತಾರೆ.

ಗಾರ್ಡ್ ಕೆಲಸಕ್ಕನ ಹೋಗ್ಬೇಕಂತೀನಿ. ಏನ್ ನೋಡ್ಬೇಕು?

ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪರವಾನಗಿ ಇದೆಯೇ ಎಂದು ಮೊದಲು ಕೇಳಿ. ಕೇಂದ್ರದ ಮಾದರಿ ನಿಯಮದಲ್ಲಿ ಸಾಮಾನ್ಯ ಗಾರ್ಡ್‌ಗೆ 160 ಗಂಟೆ ತರಬೇತಿ, ಮಾಜಿ ಸೈನಿಕರಿಗೆ 56 ಗಂಟೆ. ಡಿಜಿಆರ್ ಪ್ರಾಯೋಜಿತ ಏಜೆನ್ಸಿಯಾದರೆ ಗಾರ್ಡ್‌ಗಳಲ್ಲಿ ಶೇ. 90 ಮಾಜಿ ಸೈನಿಕರೇ ಇರಬೇಕು, ಪಗಾರವೂ ಸಾಮಾನ್ಯವಾಗಿ ಮೇಲು. ಮೊದಲು ಅಂಥದ್ದನ್ನು ಹುಡುಕಿ.

ಪಗಾರ ಚೀಟಿ ಕೊಡದ ಕಡೆ ಸೇರಬೇಡಿ. ನಿಮ್ಮ ಪಾಲಿನ ಭವಿಷ್ಯನಿಧಿ ಶೇ. 12, ಇಎಸ್‌ಐ ಅನ್ವಯಿಸಿದರೆ ಶೇ. 0.75. ಇದಕ್ಕಿಂತ ಹೆಚ್ಚು ಕಡಿತವಾಗಿದ್ದರೆ ಸಮವಸ್ತ್ರ, ‘ಆಫೀಸ್ ಖರ್ಚು’ ಎಂಬ ಹೆಸರುಗಳಿರುತ್ತವೆ. ಬರಹದಲ್ಲಿ ಕಾರಣ ಕೇಳಿ. ಪ್ರತಿ ಮೂರು ತಿಂಗಳಿಗೊಮ್ಮೆ ಭವಿಷ್ಯನಿಧಿ ಪಾಸ್‌ಬುಕ್ ತೆರೆದು ಹಣ ಜಮೆಯಾಗಿದೆಯೇ ನೋಡಿ. ಹನ್ನೆರಡು ಗಂಟೆಯ ಪಾಳಿಗೆ ಎಂಟು ಗಂಟೆಯ ಪಗಾರ ಕೊಡುವುದು ಈ ವೃತ್ತಿಯ ದೊಡ್ಡ ಅನ್ಯಾಯ.

ಬಂದೂಕು ಇರುವ ಗಾರ್ಡ್‌ಗೆ ಪಗಾರ ಹೆಚ್ಚು, ಹೊಣೆಯೂ ಹೆಚ್ಚು. ಪರವಾನಗಿ ನಿಮ್ಮ ಹೆಸರಿನಲ್ಲೇ, ನಿಮ್ಮ ಜಿಲ್ಲಾಧಿಕಾರಿ ಕಚೇರಿಯಿಂದ, ನೀವೇ ಅರ್ಜಿ ಹಾಕಿ ಪಡೆದದ್ದಾಗಿರಲಿ. ದೂರದ ರಾಜ್ಯದಿಂದ ‘ರೆಡಿ ಲೈಸೆನ್ಸ್’ ಮಾಡಿಸಿಕೊಡುತ್ತೇವೆ ಎನ್ನುವವರ ಕಾಗದ ನಕಲಿಯಾದರೆ ಆರೋಪಿಯಾಗುವುದು ಬಂದೂಕು ಹಿಡಿದವರು. ಬೇರೆ ಕಡೆ ಸರಿಯಾಗಿ ಪಡೆದ ಪರವಾನಗಿ ಇದ್ದರೂ ವಾಸ ಬದಲಾದಾಗ ಹೊಸ ಜಿಲ್ಲೆಯಲ್ಲಿ ನೋಂದಾಯಿಸಬೇಕು.

ಸ್ವಂತ ಉದ್ಯೋಗಕ್ಕ ಸಾಲ, ಸಬ್ಸಿಡಿ?

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಪಿಎಂಇಜಿಪಿ, ಮಾಜಿ ಸೈನಿಕರನ್ನು ವಿಶೇಷ ವರ್ಗವೆಂದು ಹಿಡಿಯುತ್ತದೆ. ತಯಾರಿಕೆಗೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ. ಸ್ವಂತ ಹಣ ಶೇ. 5, ಸಬ್ಸಿಡಿ ಹಳ್ಳಿಯಲ್ಲಿ ಶೇ. 35, ನಗರದಲ್ಲಿ ಶೇ. 25. ಹಳ್ಳಿಯಲ್ಲಿ 10 ಲಕ್ಷದ ಖಡಕ್ ರೊಟ್ಟಿ ಘಟಕಕ್ಕೆ ನಿಮ್ಮದು 50 ಸಾವಿರ, ಬ್ಯಾಂಕಿನದು ಒಂಬತ್ತೂವರೆ ಲಕ್ಷ, ಸಬ್ಸಿಡಿ ಮೂರೂವರೆ ಲಕ್ಷ. ಆ ಮೂರೂವರೆ ಲಕ್ಷ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿರುತ್ತದೆ, ಘಟಕ ನಡೆಯುತ್ತಿದೆ ಎಂದು ಸ್ಥಳ ಪರಿಶೀಲನೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಮುಚ್ಚಿದರೆ ಸಬ್ಸಿಡಿ ವಾಪಸ್. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ, ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಇದು ಸಿಗದು, ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಘಟಕಗಳು ನಿಲ್ಲುವುದು ಬಹುಪಾಲು ದುಡಿಯುವ ಬಂಡವಾಳ ಇಲ್ಲದೆ. ಯಂತ್ರಕ್ಕೆ ಎಲ್ಲ ಹಣ ಹಾಕಿ, ಜೋಳ ಕೊಳ್ಳಲು, ಅಂಗಡಿಯವರು ಹಣ ಕೊಡುವ ತನಕ ತಡೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಮೂರು ತಿಂಗಳ ಕಚ್ಚಾವಸ್ತು, ಪಗಾರ, ಕರೆಂಟ್ ಬಿಲ್ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ.

ರಿಟೈರ್ ಆದಾಗ ಬಂದ ರೊಕ್ಕ ಎಲ್ಲಿ ಹಾಕ್ಬೇಕು?

ಮೊದಲ ಆರು ತಿಂಗಳು ಎಲ್ಲೂ ಬೇಡ, ಬ್ಯಾಂಕ್ ಅಥವಾ ಪೋಸ್ಟ್ ಆಫೀಸಿನ ಠೇವಣಿಯಲ್ಲಿ ಇರಲಿ. ಪಿಂಚಣಿಯ ಅರ್ಧದವರೆಗೆ ಮುಂಗಡವಾಗಿ ಇಡಿಗಂಟಾಗಿ ತೆಗೆದುಕೊಂಡಿದ್ದರೆ (ಕಮ್ಯುಟೇಷನ್) ಆ ಭಾಗ ಮರಳಿ ಬರಲು 15 ವರ್ಷ ಬೇಕು; ಅಲ್ಲಿಯವರೆಗೆ ತಿಂಗಳಿಗೆ ಎಷ್ಟು ಕೈಗೆ ಬರುತ್ತದೆ ಎಂದು ಬರೆದು ನೋಡಿ. ನೌಕರಿ ಕೊಡಿಸುತ್ತೇವೆ, ಗ್ಯಾಸ್ ಏಜೆನ್ಸಿ ಕೊಡಿಸುತ್ತೇವೆ, ಪೆಟ್ರೋಲ್ ಬಂಕ್ ಮಂಜೂರಾಗಿದೆ ಎಂದು ಮುಂಗಡ ಕೇಳುವವರು ನಿವೃತ್ತರ ಪಟ್ಟಿ ಹಿಡಿದುಕೊಂಡೇ ಫೋನ್ ಮಾಡುತ್ತಾರೆ. ಸರಕಾರಿ ನೇಮಕಾತಿಗೆ ಅಧಿಸೂಚನೆಯಲ್ಲಿ ಬರೆದ ಶುಲ್ಕ ಬಿಟ್ಟರೆ ಒಂದು ರೂಪಾಯಿಯೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಜಮಾನ್ರು ತೀರಿಕೊಂಡಾರ್ರಿ. ನನಗ, ಮಕ್ಕಳಿಗೆ ಏನ್ ಸಿಗತೈತಿ?

ತಾಯಿ, ಮೊದಲು ಕುಟುಂಬ ಪಿಂಚಣಿ ಸರಿಯಾಗಿ ಶುರುವಾಗಿದೆಯೇ ನೋಡಿಕೊಳ್ಳಿ, ನೌಕರಿಯ ಹುಡುಕಾಟ ಅದರ ನಂತರ. ತೀರಿಕೊಂಡ ಮಾಜಿ ಸೈನಿಕರ ಪತ್ನಿಯರಿಗೂ ಡಿಜಿಆರ್ ತರಬೇತಿಯಲ್ಲಿ ಅವಕಾಶವಿದೆ. ಯುದ್ಧದಲ್ಲಿ ಮಡಿದವರ, ಅಥವಾ ಶೇ. 50ಕ್ಕಿಂತ ಹೆಚ್ಚು ಅಂಗವೈಕಲ್ಯದಿಂದ ದುಡಿಯಲಾಗದವರ ಕುಟುಂಬದಲ್ಲಿ ಇಬ್ಬರಿಗೆ ಕೇಂದ್ರದ ಗ್ರೂಪ್ ಸಿ, ಡಿ ಹುದ್ದೆಗಳಲ್ಲಿ ಆದ್ಯತೆ ಇದೆ. ಅದಕ್ಕೆ ಸೈನಿಕ ಕಲ್ಯಾಣ ಕಚೇರಿಯ ಅವಲಂಬಿತ ಪ್ರಮಾಣಪತ್ರ ಬೇಕು. ಮನೆಯ ಹತ್ತಿರವೇ ಕಲಿಯಬೇಕೆಂದರೆ ಬ್ಯಾಂಕುಗಳು ಸ್ವ-ಉದ್ಯೋಗ ತರಬೇತಿಗೆ ನಡೆಸುವ ಜಿಲ್ಲೆಯ ಆರ್‌ಸೆಟಿ ಅಥವಾ ರುಡ್‌ಸೆಟಿ ಕೇಂದ್ರದಲ್ಲಿ ಹೊಲಿಗೆ, ಬ್ಯೂಟಿ ಪಾರ್ಲರ್, ಕಂಪ್ಯೂಟರ್ ಲೆಕ್ಕಪತ್ರದಂಥ ತರಬೇತಿ ಊಟ, ವಸತಿ ಸಹಿತ ಉಚಿತ. ಆದರೆ ಪಿಯುಸಿ, ಪದವಿ ಓದಿದ ಹೆಣ್ಣುಮಗಳಿಗೂ ಎಲ್ಲರೂ ಹೊಲಿಗೆ ಯಂತ್ರವನ್ನೇ ತೋರಿಸುತ್ತಾರೆ. ಓದಿದವರು ಬ್ಯಾಂಕ್, ಅಂಚೆ, ಕಚೇರಿ ಕೆಲಸವನ್ನೇ ಗುರಿಯಾಗಿ ಇಟ್ಟುಕೊಳ್ಳಲಿ.

ನಿವೃತ್ತರ ಎಲ್ಲ ಮಕ್ಕಳಿಗೂ ನೌಕರಿಯಲ್ಲಿ ಮೀಸಲಿದೆ ಎಂಬುದು ತಪ್ಪು ತಿಳಿವಳಿಕೆ. ಅವರಿಗೆ ಸಿಗುವುದು ಓದಿನಲ್ಲಿ. ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ವೃತ್ತಿಪರ ಕೋರ್ಸಿನ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಪ್ರವೇಶಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಶೇ. 60 ಇರಬೇಕು. ಸಿಇಟಿ ಅರ್ಜಿ ತುಂಬುವಾಗಲೇ ಮಾಜಿ ಸೈನಿಕರ ಮಕ್ಕಳ ಕೋಟಾ ಗುರುತು ಮಾಡಿ.

ನಮ್ಮ ಹುಡುಗ ಅಗ್ನಿವೀರ. ನಾಲ್ಕ್ ವರ್ಷ ಆದ್ ಮ್ಯಾಲ?

ಶೇ. 25ರವರೆಗೆ ಕಾಯಂ ಆಗುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ, ಸುಮಾರು 11.71 ಲಕ್ಷ ರೂಪಾಯಿ ಇಡಿಗಂಟು, ಅಂದರೆ ಸೇವಾನಿಧಿ, ಸಿಗುತ್ತದೆ. ಮೇಲೆ ಹೇಳಿದ ಮಾಜಿ ಸೈನಿಕರ ಮೀಸಲು ಅವರಿಗೆ ಹಾಗೇ ಅನ್ವಯಿಸುವುದಿಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೇ ಪ್ರತ್ಯೇಕ ಮೀಸಲು, ವಯಸ್ಸಿನ ಸಡಿಲಿಕೆ ಇದೆ. ಪಡೆ ಪಡೆಯ ಅಧಿಸೂಚನೆ ಓದಿ ನೋಡಿ. ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ ಬರುವ ಹುಡುಗನಿಗೆ ಓದು ಮುಂದುವರಿಸುವುದೇ ದೊಡ್ಡ ಆಸ್ತಿ. ಸೇವಾನಿಧಿಯಲ್ಲಿ ಕಾರು ಕೊಳ್ಳುವ ಮೊದಲು ಪದವಿ ಅಥವಾ ಡಿಪ್ಲೊಮಾ ಮುಗಿಸಲಿ.

ಗಾಯ ಆಗಿ ಬಂದೀನಿ. ಸೈನ್ಯದ ಪರ್ಸೆಂಟೇಜ್ ಸಾಕೇನು?

ಅಂಗವೈಕಲ್ಯಕ್ಕೆ ಸೈನ್ಯ ಬರೆದುಕೊಟ್ಟ ಶೇಕಡಾ ಮಾಜಿ ಸೈನಿಕರ ಮೀಸಲಿಗೆ ಸಾಕು. ಅಂಗವಿಕಲರ ಮೀಸಲಿಗೂ ಸ್ಪರ್ಧಿಸಬೇಕೆಂದರೆ ಜಿಲ್ಲಾ ಆಸ್ಪತ್ರೆಯಿಂದ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಬೇರೆ ಮಾಡಿಸಬೇಕು. ಅಲ್ಲಿ ಕನಿಷ್ಠ ಶೇ. 40 ಇರಬೇಕು.

ಊರಿಗೆ ಬಂದಾಗಿಂದ ಇವ್ರಿಗೆ ನಿದ್ದಿ ಇಲ್ಲ, ಮಾತಿಗಿಂತ ಮೊದ್ಲ ಸಿಟ್ಟು. ಮೂರು ನೌಕರಿ ಬಿಟ್ರು.

ಇದನ್ನು ಸೋಮಾರಿತನ, ಹಟ ಎಂದು ತಿಳಿಯಬೇಡಿ ಅವ್ವಾ. ಇಷ್ಟು ವರ್ಷ ಆಜ್ಞೆ, ಜೊತೆಗಾರರು, ಗೊತ್ತಾದ ದಿನಚರಿ ಇದ್ದವರಿಗೆ ಒಮ್ಮೆಲೇ ಅವೆಲ್ಲ ಹೋಗಿರುತ್ತವೆ. ಕೆಲವರಿಗೆ ಗಡಿಯಲ್ಲಿ ಕಂಡದ್ದು ರಾತ್ರಿ ಮರಳಿ ಬರುತ್ತದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನ ವೈದ್ಯರಿಗೆ ನಿದ್ದೆಯ ತೊಂದರೆ ಎಂದೇ ಹೇಳಿ, ಮನೋವೈದ್ಯರಿಗೆ ರೆಫರಲ್ ಕೇಳಿ. ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ. ಒಂದೆರಡು ತಿಂಗಳು ಚಿಕಿತ್ಸೆ ಹಿಡಿದ ಮೇಲೆ ಕೆಲಸ ಹುಡುಕುವಾಗ ರಾತ್ರಿ ಪಾಳಿ ಇಲ್ಲದ, ನಾಲ್ಕು ಜನರ ಜೊತೆ ಸೇರಿ ಮಾಡುವ ಕೆಲಸ ನೋಡಿ. ಒಬ್ಬರೇ ರಾತ್ರಿಯಿಡೀ ಗೇಟಿನಲ್ಲಿ ಕೂರುವ ಗಾರ್ಡ್ ಕೆಲಸ ಇವರಿಗೆ ಸದ್ಯಕ್ಕೆ ಬೇಡ.